ವಡಿವಕ್ಕನ ಕೈಯ ಪ್ರಿಂಟು

"ಅಮ್ಮಾ, ವಡಿವು ಪೆರಿಯಮ್ಮನ ಕೈ ಕೆಟ್ಟೋಗಿದ್ಯಂತೆ. ಬೆಳಿಗ್ಗೆ ನನಗೆ ಜಡೆ ಹಾಕಿದ್ರಲ್ಲ, ಚೆನ್ನಾಗೇ ಇತ್ತು. ಯಾವ ಕೈಯಮ್ಮ ಕೆಟ್ಟಿರೋದು?"

ಇನಿಯಾ ಇದನ್ನು ಕೇಳಿದ್ದು ಇವತ್ತು ರಾತ್ರಿ, ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸುತ್ತಾ. ನಲ್ಲಿಯ ಹತ್ತಿರ ಹೆಂಗಸರು ಆಡಿದ್ದನ್ನು ಕೇಳಿಸಿಕೊಂಡು ಬಂದಿದ್ದಾಳೆ. "ಯಾವುದೂ ಕೆಟ್ಟಿಲ್ಲ, ತಿನ್ನು" ಎಂದೆ. ಮಗುವಿಗೆ ಅಷ್ಟು ಸಾಕು. ಉಳಿದದ್ದನ್ನು ಇಲ್ಲಿ ಬರೆದಿಡುತ್ತೇನೆ.

ವಡಿವಕ್ಕ ನಮ್ಮ ಪಕ್ಕದ ಮನೆಯವಳು, ಇನಿಯಾಳಿಗೆ ಪೆರಿಯಮ್ಮ, ಅಂದರೆ ದೊಡ್ಡಮ್ಮ. ಗಂಡ ಲಾರಿ ಓಡಿಸುತ್ತಾನೆ, ಮನೆಗೆ ಬಂದರೆ ಬಂದ. ಕೋವಿಲ್‌ಪಟ್ಟಿಯ ನೋಂದಣಿ ಕಚೇರಿಯ ಎದುರು ಪತ್ರ ಬರೆಯುವ ಸೊರ್ಣಲಿಂಗಂ ಅಣ್ಣಾಚಿಯ ಅಂಗಡಿಯಲ್ಲಿ ಅವಳಿಗೆ ಕೆಲಸ. ಕ್ರಯಪತ್ರ ಟೈಪು ಮಾಡುವುದು, ಪ್ರಿಂಟು ತೆಗೆಯುವುದು, ಪಾರ್ಟಿಯವರು ಸಾಕ್ಷಿಗೆ ಜನ ಕರೆತರದಿದ್ದರೆ ತಾನೇ ಸಾಕ್ಷಿಯಾಗಿ ರುಜು ಹಾಕುವುದು. ಅವಳ ಕೈರಾಶಿ ಒಳ್ಳೆಯದು, ಮುಟ್ಟಿದ್ದು ಕೂಡಿಬರುತ್ತದೆ ಎಂಬ ಮಾತು ಹೇಗೋ ಹುಟ್ಟಿಕೊಂಡಿತ್ತು. ಮನೆ ಕೊಳ್ಳುವವರು "ಮೊದಲ ಹಾಳೆಗೆ ಆ ಅಮ್ಮನೇ ಬಟನ್ ಒತ್ತಲಿ" ಎನ್ನುತ್ತಿದ್ದರು. ಅಣ್ಣಾಚಿ ಆ ಮಾತಿನ ಮೇಲೆಯೇ ಅಂಗಡಿ ಬೆಳೆಸಿದರು. ಬೇಸಿಗೆಯಲ್ಲಿ ಪ್ರಿಂಟಿನ ಮಷಿನ್ನಿಗೊಂದು ಫ್ಯಾನು ಹಾಕಿಸಿ, "ಅದರ ಗಾಳಿ ನಿನಗೂ ತಾಗುತ್ತಲ್ಲಮ್ಮ" ಎಂದಿದ್ದರಂತೆ.

ಆ ಮಷಿನ್ನು ಪ್ರಿಂಟು, ಜೆರಾಕ್ಸು, ಸ್ಕ್ಯಾನು ಮೂರನ್ನೂ ಮಾಡುತ್ತದೆ. ಸಾದಾ ಹಾಳೆಯಾದರೆ ಓಡುತ್ತದೆ. ಛಾಪಾ ಕಾಗದ ದಪ್ಪ. ಅದಕ್ಕೆ ಬೇರೆ ಸೆಟ್ಟಿಂಗ್ ಇಡಬೇಕು, ಆಗ ನಿಂತು, ಕಾದು, ನಿಧಾನವಾಗಿ ಹಾಳೆ ತಳ್ಳುತ್ತದೆ. "ದೋಸೆಗೊಂದು ಉರಿ, ಊತಪ್ಪಕ್ಕೊಂದು ಉರಿ ಬೇಡ್ವಾ ಕಯಲ್? ಪುಡಿ ಶಾಯಿ ಬೇಯ್ಬೇಕು" ಎಂದು ನನಗೆ ಹೇಳಿದ್ದಳು. ಬೇಗ ಆಗಲೆಂದು ಅವಳು ಸಾದಾ ಹಾಳೆಗಳನ್ನೆಲ್ಲ ಒಟ್ಟಿಗೆ ತೆಗೆದು, ಛಾಪಾ ಕಾಗದಗಳನ್ನು ಕೊನೆಗೆ ಒಂದೇ ಸಲ ಹಾಕುತ್ತಿದ್ದಳು.

ಆದರೆ ಶುಭಕಾರ್ಯ ಮಾಡದ ಆಡಿ ತಿಂಗಳು ಕಳೆದು ಬರುವ ಮೊದಲ ಮುಹೂರ್ತದ ದಿನ ಆ ಲೆಕ್ಕ ನಡೆಯುವುದಿಲ್ಲ. ಈ ಸಲ ಅದು ಬುಧವಾರ, ಹನ್ನೆರಡಕ್ಕೆ ರಾಹುಕಾಲ. ಅಷ್ಟರೊಳಗೆ ಎಲ್ಲರ ಪತ್ರವೂ ಕಚೇರಿಯ ಒಳಗಿರಬೇಕು. ಜೊತೆಗೆ ಪ್ರತಿಯೊಬ್ಬರಿಗೂ ತಮ್ಮ ಛಾಪಾ ಕಾಗದದ ಮೂಲೆಗೆ ಅರಿಶಿನ ಹಚ್ಚಿ, ಕಣ್ಣೆದುರಿಗೇ ವಡಿವಕ್ಕನಿಂದ ಬಟನ್ ಒತ್ತಿಸಬೇಕು. ಒಂದು ದಪ್ಪ, ಹಿಂದೆಯೇ ನಾಲ್ಕು ಸಾದಾ, ಮತ್ತೆ ದಪ್ಪ. ಮಷಿನ್ನು ನಿಂತು ನಿಂತು ಹೊರಟಿತು. ನಾನು ಇನಿಯಾಳ ಜನನ ಪತ್ರದ ಜೆರಾಕ್ಸಿಗೆಂದು ಹೋಗಿ ಅಲ್ಲೇ ಸಿಕ್ಕಿಕೊಂಡಿದ್ದೆ.

"ಏನಮ್ಮಾ ವಡಿವು, ಮಷಿನ್ನಿಗೆ ಜೋಗುಳ ಹಾಡ್ತಿದೀಯಾ?" ಎಂದು ಅಣ್ಣಾಚಿ ಕೂಗಿದರು.

"ದಪ್ಪ ಕಾಗದ ಅಣ್ಣಾಚಿ, ಬಿಸಿ ಆಗ್ಬೇಕು."

"ನಿನ್ನ ದಪ್ಪ ತೆಳು ಎಲ್ಲಾ ನಾಳೆ ನೋಡ್ಕೋ. ಎಲ್ಲಾನೂ ಸಾದಾಕ್ಕೆ ಹಾಕು. ಸರಸರ ಬರ್ಲಿ."

"ಶಾಯಿ ನಿಲ್ಲಲ್ಲ. ಬೆರಳಿಟ್ರೆ ಎದ್ದು ಬರುತ್ತೆ."

"ರಾಹು ಬಂದ್ರೆ ಪಾರ್ಟಿ ಎದ್ದು ಹೋಗ್ತಾರೆ! ಹಾಕು ಅಂದ್ರೆ ಹಾಕು. ಏನಾದ್ರೂ ಆದ್ರೆ ನಾನಿದೀನಿ."

ಅವಳು ಒಮ್ಮೆ ನನ್ನ ಕಡೆ ನೋಡಿ ಸೆಟ್ಟಿಂಗ್ ಬದಲಿಸಿದಳು. ಹಾಳೆಗಳು ಒಂದರ ಮೇಲೊಂದು ಬಿದ್ದವು. "ನೋಡ್ರಿ, ಇದು ಕೈರಾಶಿ ಅಂದ್ರೆ!" ಎಂದು ಮುದುಕರೊಬ್ಬರು ಹಿಗ್ಗಿದರು.

ಒಳಗೆ ಹೋದ ಪತ್ರಗಳಲ್ಲಿ ಒಬ್ಬ ನೂಲು ವ್ಯಾಪಾರಿಯದೂ ಇತ್ತು, ಮಗಳ ಹೆಸರಿಗೆ ಮನೆ. ಗುಮಾಸ್ತ ಒದ್ದೆ ಹೆಬ್ಬೆರಳಿನಿಂದ ಮೊದಲ ಹಾಳೆ ತಿರುವಿದಾಗ ಆ ಹುಡುಗಿಯ ಹೆಸರು ಅವನ ಬೆರಳಿಗೆ ಅಂಟಿಕೊಂಡು ಬಂತು. ಹೊಸ ಛಾಪಾ ಕಾಗದ ತರುವ ಹೊತ್ತಿಗೆ ಹನ್ನೆರಡು ದಾಟಿತ್ತು. "ನನ್ನ ಮಗಳ ಹೆಸರು ಅಳಿಸಿದ ಮನೆ ನನಗೆ ಬೇಡ" ಎಂದು ಆತ ಎದ್ದು ನಡೆದ.

"ಏನಾದ್ರೂ ಆದ್ರೆ ನಾನಿದೀನಿ" ಎಂದ ಅಣ್ಣಾಚಿ ಬೀದಿಯಲ್ಲಿ ನಿಂತು, "ಇವಳ ಕೈ ಈಚೆಗೆ ಸರಿಯಿಲ್ಲ, ನಾನೇ ನೋಡ್ತಿದೀನಿ" ಎಂದರು. ಮರುದಿನ ಅವಳನ್ನು ಬರಬೇಡ ಎಂದರು.

ಶಾಯಿ ಬೇಯಲಿಲ್ಲ ಎಂಬುದನ್ನು ಕೇಳುವ ತಾಳ್ಮೆ ಯಾರಿಗೂ ಇಲ್ಲ. ಕೈ ಕೆಟ್ಟಿತು ಎಂಬುದು ಎಲ್ಲರಿಗೂ ಥಟ್ಟನೆ ಅರ್ಥವಾಗುತ್ತದೆ. ಎದುರು ಸಾಲಿನಲ್ಲಿ ಪತ್ರ ಬರೆಯುವ ಮಾಣಿಕ್ಕಂಗೆ ಅವಳು ಬೇಕು. "ಆದ್ರೆ ಪಾರ್ಟಿಗಳು ಹೆದರ್ತಾರಮ್ಮ. ತಪ್ಪು ನಿಂದಲ್ಲ ಅಂತ ನಮ್ಮ ಸಂಘದಲ್ಲಿ ಇತ್ಯರ್ಥ ಆಗ್ಲಿ, ಅವತ್ತೇ ಬಾ" ಎಂದಿದ್ದಾರೆ. ಕಳೆದ ವಾರ ಮೂಲೆಮನೆಯ ಬಸುರಿಗೆ ಬಳೆ ತೊಡಿಸುವ ಶಾಸ್ತ್ರವಿತ್ತು. ವಡಿವಕ್ಕ ಬಳೆಗೆ ಕೈ ಚಾಚಿದಳು. "ಇರ್ಲಿ ವಡಿವು, ನೀನು ಊಟದ ಎಲೆ ಹಾಕು" ಎಂದಳು ಆ ಮನೆಯ ಅತ್ತೆ.

"ಎಲೆ ಹಾಕೋದೂ ಇದೇ ಕೈಯಲ್ಲೇ ಅಲ್ವಾ?" ಎಂದು ನಗುತ್ತಲೇ ಹೇಳಿದಳು ವಡಿವಕ್ಕ. ಯಾರೂ ನಗಲಿಲ್ಲ. ಎಲೆ ಹಾಕಿ, ಊಟ ಮಾಡದೆ ಮನೆಗೆ ಬಂದಳು. ನಾನು ಪಾಯಸವನ್ನು ಲೋಟಕ್ಕೆ ಹಾಕಿಸಿಕೊಂಡು ಬಂದು ಕೊಟ್ಟೆ. ನನ್ನ ಕೈಲಾದದ್ದು ಅಷ್ಟೇ.

ಇವತ್ತು ಮಧ್ಯಾಹ್ನ ಬಂದು ನನ್ನ ಜೊತೆ ಹುರುಳಿಕಾಯಿ ನಾರು ತೆಗೆಯುತ್ತಾ ಕುಳಿತಳು. ಪತ್ರ ಬರೆಯುವವರ ಸಂಘ ಭಾನುವಾರ ಸೇರುತ್ತದಂತೆ.

"ಕಯಲ್, ಅವತ್ತು ನೀನು ಅಲ್ಲೇ ನಿಂತಿದ್ದೆ. ಅಣ್ಣಾಚಿ ಹೇಳಿದ್ದು ಕೇಳಿಸ್ತು ಅಲ್ವಾ?"

"ಕೇಳಿಸ್ತಕ್ಕ."

ಪಡಸಾಲೆಯಲ್ಲಿ ನನ್ನ ಅತ್ತೆಯ ಟಿ.ವಿ. ಸದ್ದು ಇದ್ದಕ್ಕಿದ್ದಂತೆ ತಗ್ಗಿತು. ನಮ್ಮ ಮನೆಯ ಭಾಗಪತ್ರ ಇನ್ನೂ ನೋಂದಣಿಯಾಗದೆ ಅಣ್ಣಾಚಿಯ ಮೇಜಿನಲ್ಲಿದೆ. ವಡಿವಕ್ಕನಿಗೂ ಅದು ಗೊತ್ತು, ಅದನ್ನು ಟೈಪು ಮಾಡಿದವಳೇ ಅವಳು. ನಾನು ನಾರು ತೆಗೆದ ಕಾಯಿಯನ್ನೇ ಮತ್ತೆ ಕೈಗೆತ್ತಿಕೊಂಡೆ.

"ಮುಖ ಕಂಡಿಲ್ಲದೋರ ಪತ್ರಕ್ಕೆಲ್ಲ ಸಾಕ್ಷಿ ಹಾಕಿದೀನಿ ಕಣಮ್ಮ" ಎಂದಳು ಅವಳು, ದನಿ ತಗ್ಗಿಸಿ. "ಭಾನುವಾರ ಬಂದು ನನಗೊಂದು ಸಾಕ್ಷಿ ಹೇಳ್ತೀಯಾ? ನನ್ನ ಕೈ ಒಳ್ಳೇದು ಅಂತೆಲ್ಲ ಹೇಳ್ಬೇಡ. ಸಾದಾಕ್ಕೆ ಹಾಕು ಅಂದಿದ್ದು ಅಣ್ಣಾಚಿ, ಅಷ್ಟು ಹೇಳು ಸಾಕು."