ಪೊರೆಗೊಂದು ಅಸ್ತರ

ಗಜೇಂದ್ರಗಡದಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವ ಈರಪ್ಪನವರ ಅಂಗಳಕ್ಕೆ ನಮ್ಮ ಪ್ರಯೋಗಾಲಯದಿಂದ ನ್ಯಾನೋ ನಾರಿನ ಪೊರೆಗಳನ್ನು ಪರೀಕ್ಷೆಗೆ ಒಯ್ದಿದ್ದೆ. ಗಟಾರಕ್ಕೆ ಹೋಗುವ ಕೆಂಪು ನೀರನ್ನು ಸೋಸಿ ಬಣ್ಣ ಬೇರ್ಪಡಿಸಬೇಕಿತ್ತು. ಎರಡು ಪೊರೆ ನೀರಿನ ಒತ್ತಡಕ್ಕೆ ಹರಿದವು. ಉಳಿದದ್ದು ಒಂದೇ, ಅದೂ ಹರಿದರೆ ಬರಿಗೈಲಿ ವಾಪಸು.

ಈರಪ್ಪನವರು ಅದನ್ನೆತ್ತಿ ಸೀರೆಯಂತೆ ಬೆರಳಲ್ಲಿ ತಿಕ್ಕಹೊರಟರು.

"ಮುಟ್ಟಬ್ಯಾಡ್ರಿ ಕಾಕಾ, ಹರೀತೈತಿ."

"ಅರಿವಿ ಮುಟ್ಟದ ಹ್ಯಾಂಗ ನೋಡೂದು? ಹಾಸಿನ ಎಳಿ ಇಲ್ಲ, ಹೊಕ್ಕಿನ ಎಳಿ ಇಲ್ಲ. ಯಾರು ನೇಯ್ದಾರ ಇದನ್ನ?"

"ನಾನ ಮಾಡೇನ್ರಿ, ಮಷೀನಿನಾಗ."

"ಅದಕ್ಕ ಹರೀತಾವ. ಇಷ್ಟು ತೆಳ್ಳಗಿದ್ದದ್ದಕ್ಕ ಅಸ್ತರ ಬ್ಯಾಡೇನೋ ತಮ್ಮಾ?"

ತಮ್ಮ ಹಳೆಯ ಧೋತರದ ತುಂಡು ಹರಿದು ಪೊರೆಯ ಕೆಳಗೆ ಹಾಸಿದರು. ಮತ್ತೆ ನೀರು ಬಿಟ್ಟೆ. ಕೆಂಪು ಮೇಲೆಯೇ ನಿಂತಿತು. ಕೆಳಗೆ ತಿಳಿನೀರು ಹನಿಯಿತು.

ವರದಿಯಲ್ಲಿ 'ಹತ್ತಿಯ ಆಧಾರ ಪದರ' ಎಂದು ಬರೆದಿದ್ದೇನೆ. ಧೋತರ ಎಂದು ಬರೆಯಲು ಧೈರ್ಯ ಬರಲಿಲ್ಲ.