ವಿಮೆಯ ಫಾರಮಿನ ಹನ್ನೊಂದನೆಯ ಪ್ರಶ್ನೆ

ಮೊದಲು ಸೀರೆ ಸುಟ್ಟಿತು. ಪೂರ್ತಿ ಅಲ್ಲ, ಏಳು ತೂತು. ಒಣಗಲು ಹಾಕಿದ್ದನ್ನು ಹೆಂಡತಿ ತಂದು ನನ್ನ ಮುಖದೆದುರು ಹಿಡಿದಳು. ತೂತುಗಳಿಂದ ಬೆಳಕು ಬರುತ್ತಿತ್ತು. ಸೀರೆ ಹಸಿರು ಎಂದು ನನ್ನ ನೆನಪು. ತನ್ನ ಹತ್ತಿರ ಹಸಿರು ಸೀರೆಯೇ ಇರಲಿಲ್ಲ ಎಂದು ಅವಳು ಈಗಲೂ ಹೇಳುತ್ತಾಳೆ. ತೂತು ಏಳು ಎಂಬುದರಲ್ಲಿ ಮಾತ್ರ ಜಗಳವಿಲ್ಲ.

ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನಮ್ಮ ಮನೆಯ ಪಕ್ಕದ ಖಾಲಿ ಜಾಗವನ್ನು ಬಸ್ಸಿನ ಮಾಲೀಕನೊಬ್ಬ ಬಾಡಿಗೆಗೆ ಹಿಡಿದು, ಅಲ್ಲಿ ಇದ್ದಿಲಿನ ಮೂಟೆ ಪೇರಿಸಿದ್ದ. ದಿನಾ ಬೆಳಿಗ್ಗೆ ಬಸ್ಸಿನ ಹಿಂದೆ ಕಟ್ಟಿದ ಉದ್ದನೆಯ ಒಲೆಗೆ ಕೆಂಡ ಸುರಿದು ಕ್ಲೀನರ್ ಗಾಳಿಚಕ್ರ ತಿರುಗಿಸುತ್ತಿದ್ದ. ಗರ್ ಎಂದು ಶುರುವಾದರೆ ಅರ್ಧ ಗಂಟೆ ನಿಲ್ಲದು. ಕಿಡಿಗಳು ಗೋಡೆ ದಾಟಿ ಬರುತ್ತಿದ್ದವು. ನಮ್ಮದು ಹಂಚಿನ ಮನೆ, ಆದರೆ ಹಂಚಿನ ಕೆಳಗೆ ಎಲ್ಲವೂ ಮರ. ಮಾಲೀಕನನ್ನು ಹೋಗಿ ಕೇಳಿದೆ.

"ಯುದ್ಧ ನಾನು ಶುರು ಮಾಡಿದ್ನಾ ಸ್ವಾಮಿ?" ಎಂದ.

"ವಿಮೆ ಮಾಡಿಸಿ," ಎಂದಳು ಹೆಂಡತಿ. "ಮನುಷ್ಯರಿಗೆ ಮಾಡಿಸ್ತಾರೆ. ಮನೆಗೆ ಮಾಡಿಸಲ್ವಾ?"

ಮಾಡಿಸುತ್ತಿದ್ದರು. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನನ್ನ ಪರಿಚಯದವನೊಬ್ಬ ಒಂದು ಕಂಪನಿಯ ಏಜೆಂಟೂ ಆಗಿದ್ದ. ಹೇಳಿಕಳಿಸಿದ ದಿನವೇ ಬಂದ. ಜಗಲಿಯಲ್ಲಿ ಕೂತು, ಕಾಫಿ ಲೋಟ ಪಕ್ಕಕ್ಕಿಟ್ಟು, ತೊಡೆಯ ಮೇಲೆ ಫಾರಂ ಹಾಸಿ ತಾನೇ ಬರೆಯತೊಡಗಿದ.

"ಒಳಗೆ ಬಂದು ನೋಡಲ್ವಾ?"

"ಮನೆ ಹೊರಗಿಂದಲೇ ಕಾಣುತ್ತಲ್ಲ ಮಾರಾಯ. ಓಡಿಹೋಗುತ್ತಾ?"

ಅವನ ಕೈ ಓಡುತ್ತಿತ್ತು. ಒಂದು ಕಡೆ 'ಇಲ್ಲ' ಎಂದು ಬರೆದದ್ದನ್ನು ನಾನು ತಲೆಕೆಳಗಾಗಿಯೇ ಓದಿದೆ. ಹನ್ನೊಂದನೆಯ ಪ್ರಶ್ನೆ. ಕಾವಲಿಲ್ಲದೆ ಹಗಲೂ ರಾತ್ರಿಯೂ ಉರಿಯುವ ಬೆಂಕಿಯಾಗಲಿ ದೀಪವಾಗಲಿ ಮನೆಯಲ್ಲಿ ಇದೆಯೇ?

ಇತ್ತು. ನನ್ನ ತಮ್ಮ ಸೈನ್ಯದ ಲಾರಿ ಓಡಿಸಲು ಹೊರಟು ರೈಲು ಹತ್ತಿದ ದಿನ ಅಮ್ಮ ಹಚ್ಚಿದ ನಂದಾದೀಪ. ಅವನು ಮನೆಗೆ ಬರುವವರೆಗೆ ಆರಬಾರದು ಎಂದು ಹರಕೆ. ಅವನು ಬರ್ಮಾದ ಕಡೆ ಎಲ್ಲೋ ಇದ್ದ. ಐದು ತಿಂಗಳಿಂದ ಕಾಗದವಿರಲಿಲ್ಲ. ಎಣ್ಣೆ ಸಿಗುವುದು ಕಷ್ಟವಾದಾಗ ಅಮ್ಮ ತಲೆಗೆ ಹಚ್ಚಿಕೊಳ್ಳುವುದನ್ನು ಬಿಟ್ಟಳು, ಒಗ್ಗರಣೆಯನ್ನೂ ಬಿಟ್ಟಳು. ತಮ್ಮನ ಮಾತು ಅವಳು ಎತ್ತುತ್ತಿರಲಿಲ್ಲ. ಎಣ್ಣೆ ಹಾಕುತ್ತಿದ್ದಳು, ಅಷ್ಟೆ.

"ಒಳಗೊಂದು ನಂದಾದೀಪ ಇದೆ," ಎಂದೆ.

"ದೇವರ ದೀಪನ ಬೆಂಕಿ ಅಂತಾರೇನೋ? ಯಾರು ನೋಡೋಕೆ ಬರ್ತಾರೆ? ಸೈನ್ ಹಾಕು ಮಾರಾಯ, ಅಂಗಡಿ ಬಿಟ್ಟು ಬಂದಿದೀನಿ."

ಫಾರಂ ಇಟ್ಟು ಹೋಗು, ನಾಳೆ ಹಾಕುತ್ತೇನೆ ಎಂದು ಕಳಿಸಿದೆ. ಹೆಂಡತಿ ಬಾಗಿಲ ಹಿಂದೆ ಎಲ್ಲ ಕೇಳಿಸಿಕೊಂಡಿದ್ದಳು.

"ಈ ಕಂಪನಿ ಬೇಡ. ಹೆಣ್ಣು ನೋಡೋಕೆ ಬಂದಾಗ ಏನೂ ಕೇಳದೆ ಒಪ್ಕೊಂಡವರು ಆಮೇಲೆ ದಿನಾ ಕೇಳ್ತಾರೆ. ನಿಮ್ಮ ಮನೆಯವರು ಹಾಗೇ ಬಂದಿದ್ರು."

ನಾನು ನಕ್ಕೆ. ಅವಳು ನಗಲಿಲ್ಲ. ಮನೆ ಉರಿದ ಮರುದಿನ ಆ ಕಂಪನಿ ಹನ್ನೊಂದನೆಯ ಪ್ರಶ್ನೆಯನ್ನು ಮೊದಲ ಸಲ ಎಂಬಂತೆ ಕೇಳುವುದು ನನ್ನ ಕಣ್ಣಿಗೆ ಕಟ್ಟಿತು.

ಭದ್ರಾವತಿಯಲ್ಲಿ ಇನ್ನೊಂದು ಕಂಪನಿಯ ಏಜೆಂಟ್ ಇದ್ದಾನೆಂದು ಆಫೀಸಿನಲ್ಲಿ ಯಾರೋ ಹೇಳಿದರು. ಭಾನುವಾರ ರೈಲಿನಲ್ಲಿ ಹೋದೆ. ಅವನು ಕಬ್ಬಿಣದ ಕಾರ್ಖಾನೆಗೆ ಇದ್ದಿಲು ಸುಡುವ ಗೂಡುಗಳ ಹತ್ತಿರ ಬಹಳ ವರ್ಷ ದುಡಿದು ಬಿಟ್ಟ ತಮಿಳು ಮುದುಕ. ಬೆಂಕಿಯ ಮಾತನ್ನು ಯಾವುದೋ ಗುರುತಿನ ನಾಯಿಯ ಬಗ್ಗೆ ಆಡುವಂತೆ ಆಡುತ್ತಿದ್ದ. ಮರುದಿನವೇ ಅಳೆಯುವ ಟೇಪು ಹಿಡಿದು ನಮ್ಮ ಮನೆಗೆ ಬಂದ.

ಗೋಡೆಯಿಂದ ಮೂಟೆಗಳವರೆಗೆ ಅಳೆದ. ಅಟ್ಟದ ಹಲಗೆಗೆ ಅಂಗೈ ಒತ್ತಿ ನೋಡಿದ. ಚಪ್ಪಲಿ ಬಿಟ್ಟು ದೇವರ ಮೂಲೆಗೆ ಬಂದು ತಲೆಯೆತ್ತಿ ನೋಡಿದ. ದೀಪ ಮರದ ಮಣೆಯ ಮೇಲಿತ್ತು. ಮೇಲಿನ ಹಲಗೆ ಕಪ್ಪಾಗಿತ್ತು. ಬೆರಳಿನಿಂದ ಆ ಮಸಿ ತೆಗೆದು ನನಗೆ ತೋರಿಸಿದ.

"ಪಕ್ಕದ ಕಿಡಿ ಗೋಡೆ ಹಾರಿ ಬರಬೇಕು ಸಾರ್. ಇದು ಒಳಗೇ ಕೂತಿದೆ."

ಅಮ್ಮ ಎದ್ದು ನಿಂತಳು. "ಅದು ನನ್ನ ಮಗನ ದೀಪ."

"ಗೊತ್ತಾಯ್ತಮ್ಮ. ಆರಿಸಿ ಅನ್ನಲ್ಲ. ಮರದ ಮೇಲಿಂದ ತೆಗೆದು ಕಲ್ಲಲ್ಲಿ ಇಡಿ. ಹಾಗೇ ಬರೀಬಹುದು. ಇಲ್ಲೇ ಇದ್ರೆ ಕಂಪನಿ ಒಪ್ಪಲ್ಲ." ನನ್ನ ಕೈಗೆ ಖಾಲಿ ಫಾರಂ ಕೊಟ್ಟ. "ನೀವೇ ಬರೀಬೇಕು. ನಾನು ಬರೆದ್ರೆ ನಾಳೆ ನಂದಲ್ಲ ಅಂತೀರಿ. ಗುರುವಾರ ಬರ್ತೀನಿ."

ಹಿತ್ತಲಲ್ಲಿ ಬಾವಿಯ ಪಕ್ಕ ಕಲ್ಲಿನ ಗೋಡೆಯಲ್ಲಿ ಒಂದು ಗೂಡಿತ್ತು. ಅದೊಂದೇ ಜಾಗ. ಮೂರು ದಿನ ಅಮ್ಮ ನನ್ನೊಡನೆ ಮಾತಾಡಲಿಲ್ಲ. ಬಟ್ಟೆ ಅಂಗಡಿಯವನ ಫಾರಂ ಇನ್ನೂ ಪೆಟ್ಟಿಗೆಯಲ್ಲಿತ್ತು. ಒಂದು ಸಹಿ ಹಾಕಿದರೆ ದೀಪ ಕದಲಬೇಕಿರಲಿಲ್ಲ. ಅದನ್ನು ಎಷ್ಟು ಸಲ ತೆಗೆದು ನೋಡಿದೆನೋ. ಒಂದೇ ಸಲವೂ ಇರಬಹುದು. ಆತಂಕದಲ್ಲಿ ನೆನಪು ಲೆಕ್ಕ ಹೆಚ್ಚಿಸುತ್ತದೆ. ಪಕ್ಕದಲ್ಲಿ ಗಾಳಿಚಕ್ರ ಶುರುವಾದಾಗಲೆಲ್ಲ ಹೆಂಡತಿ ಕೊಡ ತುಂಬಿಸಿ ಹಿತ್ತಲ ಬಾಗಿಲಲ್ಲಿ ಇಡುತ್ತಿದ್ದಳು.

ಗುರುವಾರ ಬೆಳಿಗ್ಗೆ ಅಮ್ಮ ತಾನಾಗಿಯೇ ಬಂದಳು. "ಆರದೆ ಸಾಗಿಸೋದಾದ್ರೆ ಸಾಗಿಸು. ನನ್ನ ಕೈ ನಡುಗುತ್ತೆ."

"ಇದರಿಂದ ಇನ್ನೊಂದು ದೀಪ ಹಚ್ಚಿ ಇಲ್ಲೇ ಇಟ್ಟಿರೋಣ. ಒಂದು ಹೋದ್ರೆ ಇನ್ನೊಂದು ಇರುತ್ತೆ."

"ಎರಡು ಹಚ್ಚೋಕೆ ನನಗೇನು ಇಬ್ಬರು ಮಕ್ಕಳು ಅಲ್ಲಿಗೆ ಹೋಗಿದಾರಾ?"

ಹೆಂಡತಿ ಗೋಡೆಯ ಹತ್ತಿರ ಹೋಗಿ, "ಸ್ವಲ್ಪ ಹೊತ್ತು ಚಕ್ರ ನಿಲ್ಸೋ ಮಾರಾಯ," ಎಂದು ಕ್ಲೀನರನಿಗೆ ಕೂಗಿದಳು. ಸದ್ದು ನಿಂತಿತು. ಅಮ್ಮ ಗೂಡು ಒರೆಸಲು ಮುಂದೆ ನಡೆದಳು. ನಾನು ದೀಪ ಎತ್ತಿ, ಇನ್ನೊಂದು ಕೈ ಮರೆ ಮಾಡಿ ಹೊರಟೆ. ಅಡುಗೆಮನೆ ದಾಟಿದೆ. ಹಿತ್ತಲ ಹೊಸಿಲ ಮೇಲೆ ಕಾಲಿಟ್ಟಾಗ, ಹೊತ್ತಾಯ್ತು ಎಂದು ಪಕ್ಕದಲ್ಲಿ ಡ್ರೈವರ್ ಬೈದ. ಚಕ್ರ ಮತ್ತೆ ಗರ್ ಎಂದಿತು. ನಾನು ಬೆಚ್ಚಿದೆ. ಎಣ್ಣೆ ತುಳುಕಿತು.

ಇಲ್ಲಿ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ಕುಡಿ ಬಾಗಿ, ನೀಲಿಯಾಗಿ, ಬತ್ತಿಯ ಕೆಂಪಿನಿಂದ ತಾನೇ ಮತ್ತೆ ಎದ್ದಿತು. ಇನ್ನೊಂದರಲ್ಲಿ ಅದು ಆರಿತು. ಹೊಗೆಯ ಎಳೆ ನನ್ನ ಕೆನ್ನೆ ಸವರಿತು. ಜೇಬಿನಲ್ಲಿ ಬೀಡಿಗೆಂದು ಇಟ್ಟುಕೊಂಡಿದ್ದ ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಿದೆ. ಅಮ್ಮ ನನಗೆ ಬೆನ್ನು ಮಾಡಿ ಗೂಡು ಒರೆಸುತ್ತಿದ್ದಳು, ಹೆಂಡತಿ ಗೋಡೆಯಾಚೆಯವರನ್ನು ಬೈಯುತ್ತಿದ್ದಳು, ಕಡ್ಡಿಯ ಸದ್ದು ಚಕ್ರದ ಸದ್ದಿನಲ್ಲಿ ಮುಳುಗಿತು. ಮೊದಲನೆಯ ನೆನಪು ನನಗೆ ಅನುಕೂಲ. ಅದಕ್ಕೇ ಎರಡನೆಯದನ್ನು ನಂಬುತ್ತೇನೆ.

ಅಮ್ಮ ತಿರುಗಿದಳು. "ಆರಲಿಲ್ಲ ತಾನೆ?"

"ಇಲ್ಲ."

ಮಧ್ಯಾಹ್ನ ಭದ್ರಾವತಿಯ ಮುದುಕ ಬಂದು ಗೂಡು ನೋಡಿ ತಲೆಯಾಡಿಸಿದ. ನಾನು ಫಾರಂ ತುಂಬಿದೆ. ಈ ಕಂಪನಿಯದರಲ್ಲೂ ಹನ್ನೊಂದನೆಯದು ಅದೇ ಪ್ರಶ್ನೆ. ಅದಕ್ಕೆ, 'ಇದೆ. ಒಂದು ದೀಪ. ಹೊರಗೆ, ಕಲ್ಲಿನ ಗೂಡಿನಲ್ಲಿ' ಎಂದು ಬರೆದೆ. ಕೊನೆಯಲ್ಲಿ, ಮೇಲೆ ಹೇಳಿದ್ದೆಲ್ಲ ನಿಜ, ಏನನ್ನೂ ಮುಚ್ಚಿಟ್ಟಿಲ್ಲ ಎಂಬ ಸಾಲಿನ ಕೆಳಗೆ ಸಹಿ ಹಾಕಿದೆ. ಅದು ನಿಜವೇ ಆಗಿತ್ತು. ದೀಪ ಇದೆಯೇ ಎಂದಷ್ಟೇ ಕಂಪನಿ ಕೇಳಿತ್ತು. ಅದೇ ದೀಪವೇ ಎಂದು ಕೇಳಿದವಳು ಅಮ್ಮ.

ತಮ್ಮ ಯುದ್ಧ ಮುಗಿದ ಮೇಲೆ ಬದುಕಿ ಬಂದ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೊನೆಗೆ ಇಟ್ಟರೆ ದೀಪಕ್ಕೆ ಮಹಿಮೆ ಬರುತ್ತದೆ, ಇಲ್ಲವೆ ನನಗೆ ಕ್ಷಮೆ ಸಿಕ್ಕಂತಾಗುತ್ತದೆ. ಆಗ ನನಗೆ ಅದು ಗೊತ್ತಿರಲಿಲ್ಲ. ಗುರುವಾರದಿಂದ ಆಚೆಗೆ ಬೀದಿಯಲ್ಲಿ ಅಂಚೆಯವನ ಸೈಕಲ್ ಕಂಡರೆ ನಾನು ಜಗಲಿಯಿಂದ ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಊಟಕ್ಕೆ ಕೂತರೆ ಹಿತ್ತಲ ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಿದ್ದೆ.

ತಿಂಗಳ ಮೇಲೆ ಕಾಗದ ಬಂತು. ಅವನದೇ ಅಕ್ಷರ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಗೂಡಿನ ಹತ್ತಿರ ಕೂತು, ಓದು ಎಂದಳು. ಓದಿದೆ: ಚೆನ್ನಾಗಿದ್ದೇನೆ, ಮಳೆ ಜಾಸ್ತಿ, ಲಾರಿಯ ಟೈರು ಹೂತುಹೋಗುತ್ತದೆ, ಅತ್ತಿಗೆಯ ಕೈಯ ಚಟ್ನಿಪುಡಿ ಕನಸಿನಲ್ಲಿ ಬರುತ್ತದೆ. ಹೆಂಡತಿ ಅತ್ತಳು. ಮೇಲಿನ ಮೂಲೆಯಲ್ಲಿದ್ದ ತಾರೀಖನ್ನು ನಾನು ಓದಲಿಲ್ಲ. ಅದು ಆ ಗುರುವಾರಕ್ಕಿಂತ ಒಂಬತ್ತು ದಿನ ಹಿಂದಿನದು. ಆ ಗುರುವಾರದ ನಂತರ ಅವನು ಹೇಗಿದ್ದಾನೆ ಎಂಬುದಕ್ಕೆ ಆ ಕಾಗದದಲ್ಲಿ ಏನೂ ಇರಲಿಲ್ಲ.

ಅಮ್ಮನಿಗೆ ಓದು ಬರುತ್ತಿರಲಿಲ್ಲ. ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಯಾವತ್ತು ಬರೆದದ್ದು?"

ಪಕ್ಕದಲ್ಲಿ ಗಾಳಿಚಕ್ರ ಶುರುವಾಯಿತು.

"ದೀಪ ಇಲ್ಲಿಗೆ ತಂದ ಮರುದಿನ," ಎಂದೆ.

ಅವಳು ಗಿಂಡಿ ಬಾಗಿಸಿ ಎಣ್ಣೆ ಹಾಕಿದಳು, ದಿನಕ್ಕಿಂತ ಸ್ವಲ್ಪ ಜಾಸ್ತಿ. ಅಂದು ಸಂಜೆ, ಎಷ್ಟೋ ತಿಂಗಳ ಮೇಲೆ, ಸಾರಿಗೆ ಒಗ್ಗರಣೆ ಹಾಕಿದಳು. ನಾನು ಕಾಗದವನ್ನು ಮಡಿಸಿ ಪಾಲಿಸಿಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದಕೈಯನ್ನು ಜೇಬಿನಲ್ಲೇ ಇಟ್ಟುಕೊಂಡೆ.