ಕಿಟಕಿಗೆ ನಾಟಿ

ಬೆಳಿಗ್ಗೆ ಹೊರಗೆ ಬಂದು ನೋಡಿದರೆ, ಕಿಟಕಿಯ ಚೌಕಟ್ಟಿನ ಸುತ್ತ ಭತ್ತದ ಸಸಿಗಳು ಹಸಿರಾಗಿ ನಿಂತಿದ್ದವು. ಮಳೆನೀರು ಒಳಗೆ ಬಾರದಿರಲೆಂದು ಚೌಕಟ್ಟಿಗೂ ಮಣ್ಣಿನ ಗೋಡೆಗೂ ನಡುವಿನ ಸಂದಿಗೆ ಹಿಂದಿನ ವಾರ ಕೆಸರು ಮೆತ್ತಿದವಳು ನಾನೇ. ಅರವತ್ತರ ದಶಕದಲ್ಲಿ, ನಂದಿಗುಡಿಗೆ ಸೊಸೆಯಾಗಿ ಬಂದ ಮೊದಲ ಮಳೆಗಾಲವದು. ಮಣ್ಣಿಗೆ ಬೆರೆಸುವ ಭತ್ತದ ಹೊಟ್ಟನ್ನು ಮೊರದಲ್ಲಿ ಕೇರಿ ಕಾಳು ತೆಗೆಯಬೇಕೆಂದು ಪೇಟೆಯಲ್ಲಿ ಬೆಳೆದ ನನಗೆ ತಿಳಿದಿರಲಿಲ್ಲ. ನಾಚಿಕೆಯಿಂದ ಕೀಳಲು ಹೋದರೆ ಅತ್ತೆ ಕೈ ಹಿಡಿದರು.

"ಇರ್ಲಿ ಬಿಡವ್ವ. ನಿಮ್ಮ ದಾವಣಗೆರೆಯಾಗ ಕಿಟಕಿಗೂ ನಾಟಿ ಮಾಡ್ತಾರೇನು?" ಎನ್ನುತ್ತಾ ನೆರೆಯವರನ್ನೆಲ್ಲ ಕರೆದು ತೋರಿಸಿದರು.

ಆ ಮಳೆಗಾಲವಿಡೀ ಒಂದು ಹನಿಯೂ ಒಳಗೆ ಬರಲಿಲ್ಲ. ಅದನ್ನು ಮಾತ್ರ ಅತ್ತೆ ಯಾರಿಗೂ ಹೇಳಲಿಲ್ಲ. ಮರುವರ್ಷ ಮಳೆಗೆ ಮುಂಚೆ ಅವರೇ ಮಣ್ಣಿನ ಬುಟ್ಟಿ ತಂದು ನನ್ನ ಮುಂದಿಟ್ಟರು. ಮಣ್ಣಿನ ಮೇಲೆ ಒಂದು ಹಿಡಿ ಭತ್ತವಿತ್ತು.